ಹಿಮದ ಮೇಲೆ ಮಣ್ಣೆರಚುವವರು

ಝನ್ಸ್ಕಾರ್ ಕಣಿವೆಯ ಹಳ್ಳಿಗಳಲ್ಲಿ ಚಳಿಗಾಲಕ್ಕೆಂದು ಮನೆಯೊಳಗೆ ಕೂಡಿಡುವ ಸಾಮಾನುಗಳಲ್ಲಿ ಮಣ್ಣೂ ಒಂದು. ಬಾರ್ಲಿಯ ಚೀಲ, ಒಣಹುಲ್ಲಿನ ಹೊರೆ, ಬೆರಣಿಯ ರಾಶಿ, ಬೆಣ್ಣೆ, ಮಜ್ಜಿಗೆಯಿಂದ ತೆಗೆದು ಒಣಗಿಸಿದ ಛುರ್ಪೆ, ಕುರಿಯ ಉಣ್ಣೆ ಇವೆಲ್ಲ ಒಳಗೆ ಸೇರಿದ ಮೇಲೆ ಒಣಮಣ್ಣಿನ ಸರದಿ. ನೆಲ ಹೆಪ್ಪುಗಟ್ಟಿ ಗುದ್ದಲಿಗೆ ಬಗ್ಗದಂತಾಗುವ ಮೊದಲೇ ಅದನ್ನು ಅಗೆದು, ಬುಟ್ಟಿಯಲ್ಲಿ ಹೊತ್ತು ತಂದು, ಹಿಮ ತಾಗದ ಮೂಲೆಯಲ್ಲಿ ಸುರಿಯುತ್ತಾರೆ. ಒಂದಷ್ಟು ಮಣ್ಣು ಶೌಚದ ಕೋಣೆಗೆ ಬೇಕು. ಮಿಕ್ಕಿದ್ದು ಚಳಿಗಾಲದ ಕೊನೆಯ ತನಕ ಹಾಗೇ ಬಿದ್ದಿರುತ್ತದೆ.

ಝನ್ಸ್ಕಾರ್ ಇರುವುದು ಲಡಾಖಿನಲ್ಲಿ, ಹಿಮಾಲಯದ ಮುಖ್ಯ ಸಾಲಿನ ಬೆನ್ನಿಗೆ. ಸ್ತೋದ್ ಮತ್ತು ಲುಂಗ್ನಾಕ್ ಎಂಬ ಎರಡು ಹೊಳೆಗಳು ಪದುಮ್ ಎಂಬ ಊರಿನ ಬಳಿ ಕೂಡಿ ಝನ್ಸ್ಕಾರ್ ನದಿಯಾಗುತ್ತವೆ. ಆ ನದಿ ಕಡಿದಾದ ಕಮರಿಯೊಳಗೆ ಉತ್ತರಕ್ಕೆ ಹರಿದು ನಿಮ್ಮು ಎಂಬಲ್ಲಿ ಸಿಂಧುವನ್ನು ಸೇರುತ್ತದೆ. ಪದುಮ್ ಸಮುದ್ರಮಟ್ಟದಿಂದ ಸುಮಾರು 3,600 ಮೀಟರ್ ಮೇಲಿದೆ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಯಿಂದ 30 ಡಿಗ್ರಿಯವರೆಗೂ ಕೆಳಗಿಳಿಯುವುದುಂಟು. ಕಾರ್ಗಿಲ್ ಕಡೆಯ ರಸ್ತೆ ದಾಟಬೇಕಾದ ಪೆನ್ಸಿ ಲಾ ಕಣಿವೆಬಾಯಿ 4,400 ಮೀಟರ್ ಎತ್ತರದ್ದು. ಹಿಮ ಬಿದ್ದರೆ ಅದು ತಿಂಗಳುಗಟ್ಟಲೆ ಮುಚ್ಚಿಹೋಗುತ್ತದೆ. ತಲೆಮಾರುಗಳ ಕಾಲ ಆ ದಿನಗಳಲ್ಲಿ ಹೊರಜಗತ್ತಿಗೆ ಇದ್ದ ದಾರಿ ಹೆಪ್ಪುಗಟ್ಟಿದ ನದಿಯ ಮೇಲ್ಮೈಯೇ. ಅದರ ಹೆಸರು ಚಾದರ್. 2024ರಲ್ಲಿ ನಿಮ್ಮು–ಪದುಮ್–ದಾರ್ಚಾ ರಸ್ತೆ ಕೂಡಿಕೊಂಡಿದೆ, ಅದೇ ವರ್ಷ ಆ ದಾರಿಯ ಶಿಂಕು ಲಾ ಕಣಿವೆಬಾಯಿಯ ಸುರಂಗದ ಕೆಲಸವೂ ಶುರುವಾಗಿದೆ. ಆದರೂ ಹಿಮ ಬಿದ್ದ ಮುಂಜಾನೆ ಮನೆಮಂದಿ ಮಾಡಬೇಕಾದ ಕೆಲಸಗಳನ್ನು ಯಾವ ರಸ್ತೆಯೂ ಬಂದು ಮಾಡಿಕೊಡುವುದಿಲ್ಲ.

ಆ ಕೆಲಸಗಳನ್ನು ದೂರದಿಂದ ನೋಡಿದರೆ ಒಂದಕ್ಕೊಂದು ಸಂಬಂಧ ಕಾಣದು. ನೀರು ತರುವುದು, ಮಾಳಿಗೆಯ ಹಿಮ ತಳ್ಳುವುದು, ದನಕ್ಕೆ ಮೇವು ಹಾಕುವುದು, ನೂಲುವುದು, ಹಿಟ್ಟು ಕಲಸುವುದು. ಭೌತವಿಜ್ಞಾನದ ಕಣ್ಣಿಗೆ ಇವೆಲ್ಲವೂ ಶಾಖವನ್ನು ಕುರಿತ ತೀರ್ಮಾನಗಳು. ಎಲ್ಲಿ ಅದನ್ನು ಖರ್ಚು ಮಾಡಬಾರದು, ಎಲ್ಲಿ ಹಿಡಿದಿಡಬೇಕು, ಎಲ್ಲಿ ಸೂರ್ಯನಿಂದ ಪುಕ್ಕಟೆಯಾಗಿ ಪಡೆಯಬೇಕು ಎಂಬ ತಿಳಿವಳಿಕೆ ಒಂದೊಂದು ರೂಢಿಯೊಳಗೂ ಅಡಗಿದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಆ ರೂಢಿಗಳನ್ನು ಕಟ್ಟಿದವರ ಬಗ್ಗೆ ನನಗೆ ಆಳವಾದ ಗೌರವವಿದೆ. ಲೆಕ್ಕ ಹಾಕಿ ನೋಡಿದಷ್ಟೂ ಆ ಗೌರವ ಹೆಚ್ಚುತ್ತದೆ.

ಉರುವಲಿನಿಂದ ಶುರುಮಾಡೋಣ. ಕಣಿವೆಯಲ್ಲಿ ಕಾಡಿಲ್ಲ. ಕಾಲುವೆಯ ಬದಿಗೆ ನೆಟ್ಟ ಪಾಪ್ಲರ್ ಮತ್ತು ವಿಲೋ ಮರಗಳಿವೆ, ಅವು ತೊಲೆಗೂ ಜಂತೆಗೂ ಮೀಸಲು. ಒಲೆಗೆ ಉಳಿಯುವುದು ಸಗಣಿ. ಬೇಸಿಗೆಯಲ್ಲಿ ಯಾಕ್, ಯಾಕ್–ಹಸುವಿನ ಮಿಶ್ರತಳಿಯಾದ ಝೋ, ಹಸುಗಳನ್ನು ಎತ್ತರದ ದೊಕ್ಸಾಗಳಿಗೆ, ಅಂದರೆ ಹುಲ್ಲುಗಾವಲಿನ ತಂಗುದಾಣಗಳಿಗೆ ಹೊಡೆದುಕೊಂಡು ಹೋದ ಹೆಂಗಸರು ಅಲ್ಲಿ ಹಾಲು ಕರೆದು ಬೆಣ್ಣೆ ತೆಗೆಯುವುದರ ಜೊತೆಗೆ ಸಗಣಿಯನ್ನೂ ಒಣಗಿಸಿ ಕೂಡಿಹಾಕುತ್ತಾರೆ. ಒಂದು ಕಿಲೋ ಒಣ ಬೆರಣಿ ಉರಿದರೆ ಸಿಗುವ ಶಾಖ ಸುಮಾರು 13 ಮೆಗಾಜೂಲ್. ಅಷ್ಟೇ ತೂಕದ ಸೀಮೆಎಣ್ಣೆಯಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು ಇದೆ. ಹಳೆಯ ಬಗೆಯ ಒಲೆಯಲ್ಲಿ ಈ 13ರಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲೊಂದು ಪಾಲಿನ ಆಸುಪಾಸು. ಉಳಿದದ್ದರಲ್ಲಿ ಒಂದಿಷ್ಟು ಕೋಣೆಯನ್ನು ಬೆಚ್ಚಗಿಡುತ್ತದೆ, ಒಂದಿಷ್ಟು ಹೊಗೆಯೊಡನೆ ಹೊರಟುಹೋಗುತ್ತದೆ. ಬೆರಣಿ ಉರಿಸಿದಷ್ಟೂ ಹೊಲಕ್ಕೆ ಗೊಬ್ಬರ ಕಡಿಮೆ. ಆ ಕೊರತೆಯನ್ನು ತುಂಬುವುದು ಮನೆಯ ಒಣ ಶೌಚಾಲಯ. ಮೇಲಿನ ಕೋಣೆಯ ನೆಲದಲ್ಲಿ ಒಂದು ಕಿಂಡಿ, ಕೆಳಗೆ ಗೊಬ್ಬರದ ಕೋಣೆ. ಬಳಸಿದ ಮೇಲೆ ಮಣ್ಣು, ಬೂದಿ ತಳ್ಳಿದರಾಯಿತು. ಕೊಳವೆ ಒಡೆದುಹೋಗುವಷ್ಟು ಚಳಿಯಲ್ಲಿ ನೀರೇ ಬೇಡದ ಈ ಏರ್ಪಾಡಿಗಿಂತ ಒಳ್ಳೆಯದು ಹೊಳೆಯುವುದು ಕಷ್ಟ.

ಶಾಖ ಇಷ್ಟು ದುಬಾರಿಯಾದ ಮೇಲೆ ಇಡೀ ಮನೆಯನ್ನು ಬೆಚ್ಚಗಿಡುವ ಮಾತೇ ಇಲ್ಲ. ಚಳಿ ಏರುತ್ತಿದ್ದಂತೆ ಕುಟುಂಬ ಕೆಳ ಅಂತಸ್ತಿನ ಒಂದೇ ಕೋಣೆಗೆ ಇಳಿಯುತ್ತದೆ. ಸೂರು ತಗ್ಗು, ಗೋಡೆ ದಪ್ಪ, ಸುತ್ತ ದನಕುರಿಗಳ ಕೊಟ್ಟಿಗೆ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಬೀಳುತ್ತಿರುತ್ತದೆ. ಹತ್ತು ಜನ ಸೇರಿದರೆ ಒಂದು ಕಿಲೋವಾಟಿನ ಹೀಟರ್ ಹಚ್ಚಿದಷ್ಟಾಯಿತು. ದನದ ಮೈ ಇನ್ನೂ ದೊಡ್ಡ ಕುಲುಮೆ. ಅದರ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಒಣಹುಲ್ಲನ್ನು ಹುದುಗಿಸುವಾಗಲೂ ಶಾಖ ಹುಟ್ಟುತ್ತದೆ. ಹೀಗಾಗಿ ಸೊಪ್ಪಿಲ್ಲದ ದಿನಗಳಲ್ಲಿ ಒಣಹುಲ್ಲು ತಿಂದ ಹಸು ಹಾಲಿನ ವಿಷಯದಲ್ಲಿ ಹಿಂದೆ ಬಿದ್ದರೂ ಗೋಡೆಯಾಚೆಯ ಕೋಣೆಯನ್ನು ಬೆಚ್ಚಗಿಡುವುದರಲ್ಲಿ ಹಿಂದೆ ಬೀಳುವುದಿಲ್ಲ. ಮಾಳಿಗೆಯ ಅಂಚಿನುದ್ದಕ್ಕೂ ಒಟ್ಟಿದ ಮೇವು ಕೂಡ ಹಾಗೆಯೇ ಎರಡು ಕೆಲಸದ್ದು. ಹುಲ್ಲಿನ ಎಸಳುಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲುಗಾಡದು, ಅಲುಗಾಡದ ಗಾಳಿ ಶಾಖವನ್ನು ಸುಲಭಕ್ಕೆ ದಾಟಿಸದು.

ಅಡುಗೆಯ ಮಾತು ಬೇಗ ಮುಗಿಯುತ್ತದೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ್ದರ ಮೂರರಲ್ಲಿ ಎರಡು ಪಾಲಿನಷ್ಟಿದೆ, ಹಾಗಾಗಿ ನೀರು 88 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಎಷ್ಟೇ ಉರಿ ಹಾಕಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ; ಕಾಳು ಬೇಯುವುದೇ ಇಲ್ಲವೇನೋ ಎನಿಸುವಷ್ಟು ತಡ. ಪ್ರೆಶರ್ ಕುಕ್ಕರ್ ಬರುವ ಎಷ್ಟೋ ಮೊದಲು ಹಳ್ಳಿಗಳು ಕಂಡುಕೊಂಡ ಉತ್ತರ ಹುರಿಹಿಟ್ಟು. 88 ಡಿಗ್ರಿಯ ಆ ಕಟ್ಟು ನೀರಿಗೆ ಮಾತ್ರ. ಬಿಸಿ ಬಾಣಲೆಗೆ ಇಲ್ಲ. ಹೊಳೆ ಹೆಪ್ಪುಗಟ್ಟುವ ಮೊದಲೇ ಬಾರ್ಲಿಯನ್ನು ಹುರಿದು ನೀರುಗಿರಣಿಯಲ್ಲಿ ಬೀಸಿಕೊಂಡುಬಿಟ್ಟರೆ ಬೇಯಿಸುವ ಕೆಲಸ ಆಗಿಹೋಯಿತು. ಉಪ್ಪು–ಬೆಣ್ಣೆ ಹಾಕಿ ಕಡೆದ ಬಿಸಿ ಚಹಾಕ್ಕೆ ಆ ಹಿಟ್ಟನ್ನು ಕಲಸಿಕೊಂಡರೆ ಊಟ ಸಿದ್ಧ.

ನೀರಿನ ವಿಷಯದಲ್ಲಿ ನಿಧಾನಿಸಬೇಕು. ಬಾಗಿಲು ತೆರೆದರೆ ಮೊಣಕಾಲುದ್ದ ಹಿಮ. ಒಂದು ಪಾತ್ರೆ ತುಂಬಿ ಒಲೆಯ ಮೇಲಿಟ್ಟರೆ ನೀರಾಗುತ್ತದಲ್ಲ, ಹೊಳೆಯ ತನಕ ಹೋಗಿ ಬೆನ್ನ ಮೇಲೆ ಹೊತ್ತು ತರುವ ಪಾಡೇಕೆ? ಹಿಮವನ್ನೇ ಕಾಣದ ನಮಗೆ ಸಹಜವಾಗಿ ಬರುವ ಪ್ರಶ್ನೆ ಇದು. ಉತ್ತರ ಗುಪ್ತೋಷ್ಣದಲ್ಲಿದೆ. ಸೊನ್ನೆ ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆ ಸೊನ್ನೆ ಡಿಗ್ರಿಯ ನೀರಾಗಲು 334 ಕಿಲೋಜೂಲ್ ಶಾಖ ನುಂಗುತ್ತದೆ. ಉಷ್ಣತೆ ಒಂದಿಷ್ಟೂ ಏರಿರುವುದಿಲ್ಲ. ಅಷ್ಟೇ ಶಾಖ ಕೊಟ್ಟರೆ ಸೊನ್ನೆ ಡಿಗ್ರಿಯ ನೀರನ್ನು 80 ಡಿಗ್ರಿಗೆ ಏರಿಸಬಹುದಿತ್ತು. ಹೊರಗಿನ ಹಿಮ ಮೈನಸ್ 20ರಲ್ಲಿದ್ದರೆ ಅದನ್ನು ಸೊನ್ನೆಗೆ ತರಲು ಇನ್ನೂ 42 ಕಿಲೋಜೂಲ್ ಬೇಕು. ಇಪ್ಪತ್ತು ಲೀಟರ್ ನೀರಿಗೆ ಒಟ್ಟು ಏಳೂವರೆ ಮೆಗಾಜೂಲ್ ಆಯಿತು. ಹತ್ತರಲ್ಲೊಂದು ಪಾಲು ಮಾತ್ರ ಪಾತ್ರೆಗೆ ಸೇರಿಸುವ ಒಲೆಯಲ್ಲಿ ಐದಾರು ಕಿಲೋ ಬೆರಣಿ ಉರಿದುಹೋಗಬೇಕು. ಮನೆಗೂ ದನಕ್ಕೂ ಬೇಕಾದ ನೀರನ್ನೆಲ್ಲ ಹೀಗೆ ಕರಗಿಸಿಕೊಳ್ಳಹೊರಟರೆ ಬೇಸಿಗೆಯ ಬೆರಣಿ ನಡುಚಳಿಗಾಲಕ್ಕೆ ಮುಗಿದುಹೋದೀತು.

ಹೊಳೆಯ ನೀರು ಈ ಶಾಖವನ್ನು ಇನ್ನೂ ತನ್ನೊಳಗೇ ಇಟ್ಟುಕೊಂಡಿದೆ. ಗಡ್ಡೆಯ ಪದರದ ಕೆಳಗೆ ಅದು ಸೊನ್ನೆ ಡಿಗ್ರಿಯಲ್ಲೇ ಹರಿಯುತ್ತಿರುತ್ತದೆ. ಮಂಜುಗಡ್ಡೆ ನೀರಿಗಿಂತ ಹಗುರವಾದ್ದರಿಂದ ಮೇಲೆ ತೇಲಿ ಮುಚ್ಚಳವಾಗುತ್ತದೆ. ಆ ಮುಚ್ಚಳ ದಪ್ಪವಾದಷ್ಟೂ ಕೆಳಗಿನ ನೀರಿನ ಶಾಖ ಹೊರಬರುವುದು ಕಷ್ಟವಾಗಿ ಗಡ್ಡೆ ಬೆಳೆಯುವ ವೇಗ ತಗ್ಗುತ್ತದೆ. ಮೇಲೆ ಹೊಸ ಹಿಮ ಬಿದ್ದರಂತೂ ಇನ್ನೂ ನಿಧಾನ. ಹೊಸ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿ. ಶಾಖ ದಾಟಿಸುವುದರಲ್ಲಿ ಅದು ಮಂಜುಗಡ್ಡೆಗಿಂತ ಇಪ್ಪತ್ತು ಪಟ್ಟಿಗೂ ಹಿಂದೆ. ಚಾದರ್ ಮೇಲೆ ನಡೆಯುವವರು ಕೋಲಿನಿಂದ ಕುಟ್ಟಿ ಸದ್ದು ಕೇಳಿಯೇ ಹೆಜ್ಜೆಯಿಡುವುದರ ಹಿಂದೆ ಇದೂ ಒಂದು ಕಾರಣ. ಬೆಳ್ಳಗೆ, ದಪ್ಪಗೆ, ಭದ್ರವಾಗಿ ಕಾಣುವ ಹಿಮದ ಹಾಸಿನ ಕೆಳಗೇ ಗಡ್ಡೆ ತೆಳ್ಳಗಿರುವ ಸಂಭವ ಹೆಚ್ಚು. ಊರ ಬಳಿ ಒರತೆಯಿದ್ದರೆ ಹೊಳೆಗಿಂತ ಅದೇ ಮೇಲು. ನೆಲದಾಳದಿಂದ ಬರುವ ನೀರಿಗೆ ಮೇಲಿನ ಋತುವಿನ ಅರಿವೇ ಇರುವುದಿಲ್ಲ, ಜನವರಿಯಲ್ಲೂ ಅದು ಹೆಪ್ಪುಗಟ್ಟದೆ ಹೊರಬರುತ್ತದೆ. ದಿನಕ್ಕೊಮ್ಮೆ ದನಗಳನ್ನು ಕೊಟ್ಟಿಗೆಯಿಂದ ಬಿಚ್ಚಿ ನೀರಿನ ಬಳಿಗೇ ನಡೆಸಿಕೊಂಡು ಹೋದರೆ ಅಷ್ಟು ಹೊರೆ ಹೊರುವುದು ತಪ್ಪಿತು.

ಮಾಳಿಗೆಯ ಹಿಮವನ್ನು ತಳ್ಳುವ ಕೆಲಸದಲ್ಲೂ ಒಂದು ಒಗಟಿದೆ. ಹಿಮ ಅಷ್ಟೊಂದು ಒಳ್ಳೆಯ ಶಾಖನಿರೋಧಕವಾದರೆ ಅದನ್ನು ಮನೆಯ ಮೇಲೆ ಕಂಬಳಿಯಂತೆ ಬಿಟ್ಟುಬಿಡಬಾರದೇಕೆ? ಇಲ್ಲಿನ ಮಾಳಿಗೆ ಸಪಾಟಾದದ್ದು. ತೊಲೆ, ಅದರ ಮೇಲೆ ವಿಲೋ ಕಡ್ಡಿಗಳ ಹಾಸು, ಮೇಲೆ ಮಣ್ಣಿನ ಮೆತ್ತು. ಮಳೆ ಕಡಿಮೆಯಿರುವ ಸೀಮೆಗೆ ಇದು ಸರಿಯಾದ ಕಟ್ಟೋಣ. ಆದರೆ ಒಲೆಯ ಬಿಸಿ ಒಳಗಿನಿಂದ ಏರಿ ಹಿಮದ ತಳ ಕರಗಿದರೆ ಆ ನೀರಿಗೆ ಹರಿದುಹೋಗಲು ಇಳಿಜಾರಿಲ್ಲ, ಮಣ್ಣಿನೊಳಗೇ ಇಳಿಯುತ್ತದೆ. ತೂಕದ ಮಾತೂ ಇದೆ. ಹೊಸದಾಗಿ ಬಿದ್ದ ಒಂದಡಿ ಹಿಮ ಚದರ ಮೀಟರಿಗೆ ಸುಮಾರು 30 ಕಿಲೋ ತೂಗುತ್ತದೆ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಮೂರು ಟನ್ ಕುಳಿತಂತಾಯಿತು.

ತಳ್ಳುವುದನ್ನು ನಾಳೆಗೆ ಮುಂದೂಡುವಂತೆಯೂ ಇಲ್ಲ. ಬಿದ್ದ ಹಿಮ ಬಿದ್ದ ಹಾಗೆ ಇರುವುದಿಲ್ಲ. ನಕ್ಷತ್ರದಂಥ ಹರಳುಗಳ ಚೂಪು ತುದಿಗಳು ಸವೆದು ದುಂಡಗಾಗುತ್ತವೆ, ಅಕ್ಕಪಕ್ಕದ ಕಣಗಳು ತಾಗಿದಲ್ಲಿ ಮಂಜಿನ ಕತ್ತು ಬೆಳೆದು ಬೆಸೆದುಕೊಳ್ಳುತ್ತವೆ. ಉಷ್ಣತೆ ಸೊನ್ನೆಗಿಂತ ಕೆಳಗಿದ್ದರೂ ಈ ಬೆಸುಗೆ ನಡೆಯುತ್ತದೆ. ಗಾಳಿ ಬೀಸಿ ಹರಳುಗಳನ್ನು ಮುರಿದು ಒತ್ತಿದರೆ ಇನ್ನೂ ಬೇಗ. ಬೆಳಿಗ್ಗೆ ಮರದ ಸಲಿಕೆಗೆ ಹಗುರವಾಗಿ ಬರುವ ಪುಡಿ ಒಂದೆರಡು ದಿನಕ್ಕೆ ಹಲ್ಲೆಗಳಾಗಿ ಕತ್ತರಿಸಬೇಕಾದ ಗಟ್ಟಿ ಪದರವಾಗುತ್ತದೆ. ಆದ್ದರಿಂದ ಹಿಮ ನಿಂತ ಕೂಡಲೇ, ಬೆಳಗಿನ ಚಹಾಕ್ಕೂ ಮೊದಲೇ ಜನ ಮಾಳಿಗೆ ಹತ್ತುತ್ತಾರೆ.

ಹಗಲಿನ ಉಳಿದ ಹೊತ್ತು ಬಿಸಿಲಿನದು. ಲಡಾಖಿನ ಚಳಿಗಾಲದ ಆಕಾಶ ಬಹುಪಾಲು ತಿಳಿಯಾಗಿರುತ್ತದೆ, ತೆಳುಗಾಳಿಯಲ್ಲಿ ಬಿಸಿಲು ಚುರುಕು. ದಕ್ಷಿಣದ ಗೋಡೆಗೆ ಬೆನ್ನುಕೊಟ್ಟು ಕುಳಿತ ಹೆಂಗಸರು ಕುರಿಯ ಉಣ್ಣೆ ನೂಲುತ್ತಾರೆ. ಯಾಕ್ ಮತ್ತು ಮೇಕೆಯ ಒರಟು ಕೂದಲು ನೂಲುವುದು ಗಂಡಸರ ಪಾಲು. ಈ ನೂಲಿನಿಂದ ನಂಬು ಎಂಬ ದಪ್ಪ ಬಟ್ಟೆ, ಅದರಿಂದ ಗೊಂಚಾ ಎಂಬ ನಿಲುವಂಗಿ. ಹೆಂಗಸರ ಬೆನ್ನ ಮೇಲಿನ ಕುರಿತೊಗಲಿನ ಹೊದಿಕೆಯಲ್ಲಿ ತುಪ್ಪಳ ಒಳಮುಖವಾಗಿರುತ್ತದೆ, ಗಾಳಿ ಮೈಯ ಪಕ್ಕದಲ್ಲೇ ಸಿಕ್ಕಿಬೀಳಲಿ ಎಂದು.

ಮನೆಯೊಳಗಿನ ಮಣ್ಣಿನ ರಾಶಿ ಕರಗುವುದು ಚಳಿಗಾಲ ತುದಿ ಮುಟ್ಟಿದಾಗ. ಮಾರ್ಚ್ ಬಂದರೂ ಹೊಲದ ಮೇಲೆ ಹಿಮ ಕುಳಿತೇ ಇರುತ್ತದೆ. ಹಗಲು ಉದ್ದವಾಗಿದೆ, ಬಿಸಿಲು ಏರಿದೆ, ಹಿಮ ಮಾತ್ರ ಕದಲುವುದಿಲ್ಲ. ಇಲ್ಲಿ ಬೆಳೆಯ ಕಾಲ ತೀರ ಚಿಕ್ಕದು. ಮೇ ತಿಂಗಳಲ್ಲಿ ಬಿತ್ತಿದ ಬಾರ್ಲಿ ಶರತ್ಕಾಲದ ಮೊದಲ ಇಬ್ಬನಿ ಹೆಪ್ಪುಗಟ್ಟುವ ಮೊದಲು ಮಾಗಲೇಬೇಕು. ಬಿತ್ತನೆ ತಡವಾದರೆ ಹಾಲುಗಾಳಿನಲ್ಲೇ ತೆನೆ ಹಾಳಾದೀತು. ಆಗ ಮನೆಮಂದಿ ಒಣಮಣ್ಣನ್ನು ಬುಟ್ಟಿಗಳಲ್ಲಿ ಹೊತ್ತು ಹೊಲಕ್ಕೆ ಹೋಗಿ ಬಿಳಿಯ ಹಿಮದ ಮೇಲೆ ಎರಚುತ್ತಾರೆ. ಹೊರಗಿನ ಮಣ್ಣು ಕಲ್ಲಾಗಿದೆ, ಹಿಮದಡಿ ಹೂತುಹೋಗಿದೆ. ಹಿಂದಿನ ವರ್ಷವೇ ಒಳಗೆ ತಂದಿಟ್ಟದ್ದು ಇದಕ್ಕೆ.

ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ರಿಂದ 90 ಪಾಲನ್ನು ಆಕಾಶಕ್ಕೇ ಹಿಂದಿರುಗಿಸುತ್ತದೆ. ವಿಜ್ಞಾನಿಗಳು ಈ ಗುಣವನ್ನು ಆಲ್ಬಿಡೊ ಎನ್ನುತ್ತಾರೆ. ಮಣ್ಣಿನ ಆಲ್ಬಿಡೊ 20ರ ಸುಮಾರು. ವಸಂತದ ತಿಳಿ ದಿನವೊಂದರಲ್ಲಿ ಚದರ ಮೀಟರ್ ನೆಲಕ್ಕೆ 20 ಮೆಗಾಜೂಲ್ ಬಿಸಿಲು ಬೀಳುತ್ತದೆ ಎಂದುಕೊಳ್ಳೋಣ. ನೂರಕ್ಕೆ 80 ಪಾಲು ಹಿಂದಿರುಗಿಸುವ ಹಿಮ ಅದರಲ್ಲಿ ಉಳಿಸಿಕೊಳ್ಳುವುದು 4 ಮೆಗಾಜೂಲ್. ಅದೆಲ್ಲ ಕರಗುವುದಕ್ಕೇ ಬಳಕೆಯಾದರೆ 12 ಕಿಲೋ ಹಿಮ ನೀರಾಯಿತು. ಮಣ್ಣಿನ ಚುಕ್ಕೆಗಳಿಂದ ಹೊಳಪು ಅರ್ಧಕ್ಕಿಳಿದು 40 ಆದರೆ ಉಳಿಯುವುದು 12 ಮೆಗಾಜೂಲ್, ಕರಗುವುದು 36 ಕಿಲೋ. ರಾತ್ರಿಯ ಚಳಿ, ಗಾಳಿಯ ಸೆಳೆತ ಇವು ಒಂದಿಷ್ಟನ್ನು ಕಿತ್ತುಕೊಳ್ಳುತ್ತವಾದ್ದರಿಂದ ಇದು ಕಾಗದದ ಲೆಕ್ಕ. ಆದರೂ ಕರಗುವಿಕೆ ಮೂರು ಪಟ್ಟಾಗುವ ಸಾಧ್ಯತೆ ಒಂದು ಬುಟ್ಟಿ ಮಣ್ಣಿನಲ್ಲಿದೆ ಎಂಬುದು ಸಣ್ಣ ಮಾತಲ್ಲ. ಒಮ್ಮೆ ಕರಗಲು ಶುರುವಾದ ಹಿಮದ ಕಣಗಳು ದೊಡ್ಡವಾಗಿ ಒದ್ದೆಯಾಗುತ್ತವೆ, ಒದ್ದೆ ಹಿಮ ತಾನೇ ಕಪ್ಪಗಾಗಿ ಮತ್ತಷ್ಟು ಬಿಸಿಲು ಹೀರುತ್ತದೆ. ಮಣ್ಣು ಕೊಟ್ಟದ್ದು ಮೊದಲ ನೂಕು.

ಮಣ್ಣು ಎಷ್ಟು ಎರಚಬೇಕೆಂಬುದೂ ಮುಖ್ಯ. ಹೆಚ್ಚು ಹಾಕಿದಷ್ಟೂ ಹೆಚ್ಚು ಕರಗೀತು ಎಂದು ತೋರಬಹುದು, ಹಾಗಾಗುವುದಿಲ್ಲ. ನಾರ್ವೆಯ ಗುನ್ನಾರ್ ಓಸ್ಟ್ರೆಮ್ ಹಿಮನದಿಯ ಮೇಲೆ ಕಲ್ಲುಮಣ್ಣಿನ ಪದರ ಬೇರೆ ಬೇರೆ ದಪ್ಪದಲ್ಲಿದ್ದಾಗ ಕೆಳಗಿನ ಮಂಜು ಎಷ್ಟು ಕರಗುತ್ತದೆಂದು ಅಳೆದು 1959ರಲ್ಲಿ ಪ್ರಕಟಿಸಿದರು. ತೆಳುವಾದ ಪದರ ಕರಗುವಿಕೆಯನ್ನು ಹೆಚ್ಚಿಸುತ್ತದೆ. ಕೆಲವು ಸೆಂಟಿಮೀಟರ್ ದಾಟಿದ ಪದರ ಬಿಸಿಲಿನ ಶಾಖವನ್ನು ತಾನೇ ತಡೆದು ಕೆಳಗಿನ ಮಂಜನ್ನು ಕಾಯುತ್ತದೆ. ಹಿಮಾಲಯದ ಎಷ್ಟೋ ಹಿಮನದಿಗಳ ಕೆಳತುದಿ ಬಂಡೆಚೂರುಗಳಡಿ ಅಡಗಿಕೊಂಡು ಬಹುಕಾಲ ಉಳಿಯುವುದು ಹೀಗೆ. ಝನ್ಸ್ಕಾರಿನ ರೈತರು ಬಿತ್ತುವ ಕೈಯಿಂದಲೇ, ಕಾಳು ಚೆಲ್ಲಿದಂತೆ ತೆಳ್ಳಗೆ ಮಣ್ಣು ಎರಚುತ್ತಾರೆ. ದಪ್ಪಕ್ಕೂ ಕರಗುವಿಕೆಗೂ ಇರುವ ನಂಟನ್ನು ತೋರಿಸುವ ಓಸ್ಟ್ರೆಮ್ ಅವರ ರೇಖೆಯ ಸರಿಯಾದ ತುದಿಯಲ್ಲಿ ಅವರು ಮೊದಲಿನಿಂದಲೂ ನಿಂತಿದ್ದಾರೆ.

ಹೊಲದ ಮೇಲಿನ ಹಿಮ ಬೇಗ ಹೋಗಲಿ, ಬೆಟ್ಟದ ಮೇಲಿನದು ನಿಧಾನವಾಗಿ ಹೋಗಲಿ. ಬಾರ್ಲಿ ಬೆಳೆಯುವವರ ಇಡೀ ಬದುಕು ಈ ಎರಡು ಆಸೆಗಳ ನಡುವೆ ನಿಂತಿದೆ. ಬಿತ್ತಲು ನೆಲ ಬರಿದಾಗಬೇಕು, ಬಿತ್ತಿದ್ದು ಕುಡಿಯಲು ಜೂನ್, ಜುಲೈ ತನಕ ಮೇಲಿನಿಂದ ಕಾಲುವೆಗೆ ನೀರು ಇಳಿಯುತ್ತಿರಬೇಕು. ಪದುಮಿಗೆ ಹತ್ತಿರದ ಕುಮಿಕ್ ಎಂಬ ಹಳೆಯ ಹಳ್ಳಿಯಲ್ಲಿ ಈ ಎರಡನೆಯ ಆಸೆ ಕೈಗೂಡದಾಯಿತು. ಆ ಊರಿಗೆ ನೀರು ಕೊಡುತ್ತಿದ್ದುದು ಹಿಂದಿನ ಬೆಟ್ಟದ ಹಿಮ. ಹಿಮ ಕಡಿಮೆ ಬಿದ್ದು ಬೇಗ ಕರಗತೊಡಗಿದಂತೆ ತೊರೆ ಬೇಸಿಗೆಯಲ್ಲಿ ಬತ್ತತೊಡಗಿತು. 2000ದ ಸುಮಾರಿಗೆ ಊರವರು ಒಟ್ಟಾಗಿ ಕುಳಿತು ಊರು ಬಿಡುವ ತೀರ್ಮಾನ ಮಾಡಿದರು. ಕೆಳಗಿನ ಮಾರ್ಥಂಗ್ ಎಂಬ ಒಣ ಬಯಲಿಗೆ ಕಾಲುವೆ ತೋಡಿ ಹೊಸ ಮನೆಗಳನ್ನು ಕಟ್ಟಲು ಶುರುಮಾಡಿದರು. ತಲೆಮಾರುಗಳಿಂದ ಉತ್ತ ಹೊಲ, ಪೂರ್ವಿಕರು ನೆಟ್ಟ ಮರ, ಗೊಂಪಾ ಎಂಬ ಊರ ಬೌದ್ಧ ಮಠ ಎಲ್ಲವನ್ನೂ ಹಿಂದೆ ಬಿಟ್ಟು ಹೊರಡುವುದು ಎಂಥ ನೋವೆಂದು ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಹಿಮ ಬೇಗ ಕರಗಲು ಭೂಮಿ ಬಿಸಿಯಾಗುತ್ತಿರುವುದು ದೊಡ್ಡ ಕಾರಣ. ಅದರ ಜೊತೆಗೆ ಇನ್ನೊಂದಿದೆ, ಅದು ಮಣ್ಣೆರಚುವ ಕೆಲಸದ ಮತ್ತೊಂದು ರೂಪವೇ. ಅರೆಬರೆ ಉರಿದ ಬೆರಣಿ, ಸೌದೆ, ಕೂಳೆ, ಡೀಸೆಲ್, ಇಟ್ಟಿಗೆ ಗೂಡಿನ ಕಲ್ಲಿದ್ದಲು ಇವುಗಳಿಂದ ಹೊರಟ ಮಸಿ ಗಾಳಿಯಲ್ಲಿ ತೇಲಿ ಹಿಮಾಲಯದ ಹಿಮದ ಮೇಲೆ ಇಳಿಯುತ್ತದೆ. ಮಸಿ ಮಣ್ಣಿಗಿಂತ ಎಷ್ಟೋ ಪಟ್ಟು ಕಪ್ಪು. ಕೋಟಿಯಲ್ಲಿ ಒಂದು ಪಾಲಿನಷ್ಟು ಬೆರೆತರೂ ಹಿಮದ ಹೊಳಪು ಅಳತೆಗೆ ಸಿಗುವಷ್ಟು ಕುಗ್ಗುತ್ತದೆ. ನಮ್ಮ ಕಣ್ಣಿಗೆ ಆಗಲೂ ಹಿಮ ಅಚ್ಚ ಬಿಳಿಯಾಗಿಯೇ ಕಾಣುತ್ತದೆ. ಹೊಲದಲ್ಲಿ ಯಾವಾಗ, ಎಲ್ಲಿ, ಎಷ್ಟು ಎಂದು ಅಳೆದು ಮಾಡುವ ಕೆಲಸವನ್ನು ಮಸಿ ಯಾರ ಅಪ್ಪಣೆಯೂ ಇಲ್ಲದೆ, ಮೀಸಲಾಗಿರಬೇಕಾದ ಎತ್ತರದ ಹಿಮದ ಮೇಲೆಯೇ ಮಾಡುತ್ತಿದೆ.

ಅದೇ ಮಸಿ ಮೊದಲು ಇಳಿಯುವುದು ಒಲೆಯ ಮುಂದೆ ಕುಳಿತವರ ಎದೆಯೊಳಗೆ. ಶಾಖ ಹೊರಹೋಗದಂತೆ ಮುಚ್ಚಿದ ಕೋಣೆಯಿಂದ ಹೊಗೆಯೂ ಹೊರಹೋಗದು. ಚಳಿಗಾಲದ ಕೋಣೆಯ ಜಾಣತನಕ್ಕೆ ಜನ ತೆತ್ತ ಬೆಲೆ ಇದು. ಲಡಾಖಿನ ವೈದ್ಯ ತ್ಸೆರಿಂಗ್ ನೋರ್ಬೂ ಮತ್ತು ಸಂಗಡಿಗರು ಹೊಗೆಕೊಳವೆಯಿಲ್ಲದ ಒಲೆಗಳ ಹಳ್ಳಿಯೊಂದರಲ್ಲಿ ಜನರ ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡನ್ನು ಅಳೆದು 1991ರಲ್ಲಿ ವರದಿ ಮಾಡಿದರು. ಬೇಸಿಗೆಗಿಂತ ಚಳಿಗಾಲದಲ್ಲಿ ಅದು ಹೆಚ್ಚಿತ್ತು. ಹಳೆಯ ತಿಳಿವಳಿಕೆಯನ್ನು ಗೌರವಿಸುವುದೆಂದರೆ ಈ ಹೊಗೆಯನ್ನೂ ಪರಂಪರೆಯೆಂದು ಉಳಿಸಿಕೊಳ್ಳುವುದಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ತಗಡಿನ ಒಲೆಗೆ ಕೊಳವೆ ಜೋಡಿಸಿದರೆ ಎದೆಗೆ ನೆಮ್ಮದಿ, ನಿಜ. ಆದರೆ ಕೊಳವೆಯಿಂದ ಹೊರಬಿದ್ದ ಮಸಿ ಬೆಟ್ಟದ ಕಡೆಗೆ ಹೋಗುವುದು ತಪ್ಪುವುದಿಲ್ಲ. ಉರಿಸುವುದನ್ನೇ ಕಡಿಮೆ ಮಾಡುವ ದಾರಿಯೆಂದರೆ ಗೋಡೆಗೆ ಬಿಸಿಲು ಕುಡಿಸುವುದು. ಲೇಹ್‌ನಲ್ಲಿ 1983ರಲ್ಲಿ ಶುರುವಾದ ಲಡಾಖ್ ಇಕಾಲಜಿಕಲ್ ಡೆವಲಪ್‌ಮೆಂಟ್ ಗ್ರೂಪ್ ಮತ್ತು ಅದರ ನಂತರ ಬಂದ ಸಂಸ್ಥೆಗಳು ಇಂಥ ಮನೆಗಳನ್ನು ಲಡಾಖಿನ ಹಳ್ಳಿಗಳಲ್ಲಿ ಹರಡಿವೆ. ದಕ್ಷಿಣದ ದಪ್ಪ ಮಣ್ಣಿನ ಗೋಡೆಗೆ ಕಪ್ಪು ಬಳಿದು, ಸ್ವಲ್ಪ ಅಂತರ ಬಿಟ್ಟು ಮುಂದೆ ಗಾಜು ನಿಲ್ಲಿಸುತ್ತಾರೆ. ಹಗಲೆಲ್ಲ ಕಪ್ಪು ಮೈ ಹೀರಿದ ಶಾಖ ಗೋಡೆಯೊಳಗೆ ನಿಧಾನವಾಗಿ ಸರಿದು ಕತ್ತಲಾದ ಮೇಲೆ ಒಳಕೋಣೆಗೆ ಬರುತ್ತದೆ. ಮಾಳಿಗೆಗೂ ಉಳಿದ ಗೋಡೆಗಳಿಗೂ ಒಣಹುಲ್ಲು, ಮರದ ಹೊಟ್ಟು ತುಂಬಿದರೆ ಬಂದ ಶಾಖ ಬೆಳಗಿನ ತನಕ ನಿಲ್ಲುತ್ತದೆ, ಬೆರಣಿಯ ಖರ್ಚು ಗಣನೀಯವಾಗಿ ತಗ್ಗಿ ಉಳಿದ ಸಗಣಿ ಹೊಲಕ್ಕೆ ಹೋಗುತ್ತದೆ.

ಇದರ ಫಲಕ್ಕೆ ಬಹಳ ಕಾಲ ಕಾಯಬೇಕಾಗಿಲ್ಲ ಎಂಬುದು ಸಮಾಧಾನದ ಸಂಗತಿ. ಗಾಳಿಗೆ ಸೇರಿದ ಇಂಗಾಲದ ಡೈ ಆಕ್ಸೈಡಿನಲ್ಲಿ ಒಂದು ದೊಡ್ಡ ಪಾಲು ಶತಮಾನಗಳವರೆಗೆ ಅಲ್ಲೇ ಉಳಿಯುತ್ತದೆ. ಮಸಿ ಗಾಳಿಯಲ್ಲಿ ತೇಲುವುದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಆಮೇಲೆ ಹಿಮದೊಡನೆಯೋ ಮಳೆಯೊಡನೆಯೋ ನೆಲಕ್ಕಿಳಿಯುತ್ತದೆ. ಒಲೆಗಳ, ಲಾರಿಗಳ, ಇಟ್ಟಿಗೆ ಗೂಡುಗಳ ಹೊಗೆ ಒಂದು ಚಳಿಗಾಲ ತಗ್ಗಿದರೆ ಆ ಚಳಿಗಾಲದ ಹಿಮವೇ ಅಷ್ಟರಮಟ್ಟಿಗೆ ಶುಭ್ರವಾಗಿ ಬೀಳುತ್ತದೆ, ಅದರ ನೀರು ಕಾಲುವೆಯಲ್ಲಿ ಇನ್ನೂ ಕೆಲವು ದಿನ ಹೆಚ್ಚು ಹರಿಯುತ್ತದೆ. ಬಾರ್ಲಿ ಕಾಳು ಕಟ್ಟುವ ಹೊತ್ತಿನಲ್ಲಿ ಹೊಲಕ್ಕೆ ಬೇಕಾದದ್ದು ಆ ಕೆಲವು ದಿನಗಳ ನೀರೇ.